ಎಕ್ಸೆಲ್ ಹಾಳೆ ಮತ್ತು ನಮ್ಮ ಟ್ರಸ್ಟು

13 ಡಿಸೆಂಬರ್ 2025, ಶನಿವಾರ
ಸಾಗರ

ಇವತ್ತಿನ ಟ್ರಸ್ಟ್ ಸಭೆ ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ಇದ್ದದ್ದು ಒಂದೇ ವಿಷಯ: ಬರುವ ಜೂನ್‌ನಿಂದ ಹೊಸನಗರ, ಸೊರಬ, ತೀರ್ಥಹಳ್ಳಿಗೂ ನಮ್ಮ ಮಾನವ ಹಕ್ಕುಗಳ ಪಾಠ ಒಯ್ಯುವುದೋ ಬೇಡವೋ. ದುಡ್ಡು ಕೊಡಲು ಮುಂದೆ ಬಂದಿರುವ ಬೆಂಗಳೂರಿನ ಕಂಪನಿಯವರು ಒಂದು ಎಕ್ಸೆಲ್ ಹಾಳೆ ಕಳಿಸಿದ್ದಾರೆ. ಶಾಲೆ ಎಷ್ಟು, ಮಕ್ಕಳು ಎಷ್ಟು, ಶಿಬಿರ ಎಷ್ಟು ಅಂತ ಅದರಲ್ಲಿ ಕಾಲಂಗಳು. "ಇದೊಂದು ತುಂಬಿಸಿಕೊಟ್ರೆ ಮೂರು ವರ್ಷ ನಿಶ್ಚಿಂತೆ ಮೇಡಂ" ಅಂದರು ಖಜಾಂಚಿ.

ಅವರ ಕಷ್ಟ ನನಗೆ ಗೊತ್ತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದಮೇಲೆ, ಹೊರದೇಶದ ಹಣ ಪಡೆಯುವ ದೊಡ್ಡ ಸಂಸ್ಥೆಗಳು ಅದರಲ್ಲೊಂದು ಪಾಲನ್ನು ನಮ್ಮಂಥ ಸಣ್ಣವರಿಗೆ ದಾಟಿಸುವ ಹಾಗಿಲ್ಲ. ಆ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲೂ ಶೇ. 50ರಿಂದ 20ಕ್ಕೆ ಇಳಿಯಿತು. ಮಾನವ ಹಕ್ಕುಗಳ ಶಿಕ್ಷಣ ಅಂದರೆ ತೋರಿಸಲು ಕಟ್ಟಡವಿಲ್ಲ, ಬೋರ್‌ವೆಲ್ ಇಲ್ಲ. ಓಡಾಡುವವರ ಸಂಬಳ, ಬಸ್ ಚಾರ್ಜು, ಕೈಪಿಡಿಯ ಅಚ್ಚು, ಇಷ್ಟೇ. ಇದರಲ್ಲಿ ಯಾವುದು ಆಡಳಿತ, ಯಾವುದು ಕೆಲಸ ಅಂತ ಲೆಕ್ಕಪರಿಶೋಧಕರಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಆದರೂ ಒಂದೇ ವರ್ಷದಲ್ಲಿ ಮೂರು ತಾಲ್ಲೂಕು ಬೇಡ ಅಂತ ನಾನು ಹಟ ಹಿಡಿದೆ.

ಟ್ರಸ್ಟಿಗೆ ಹೊಸದಾಗಿ ಸೇರಿದ ವಕೀಲರು ಮಧುರೈನ ಉದಾಹರಣೆ ತೆಗೆದರು. ಅಲ್ಲಿಯ ಪೀಪಲ್ಸ್ ವಾಚ್ ಸಂಸ್ಥೆ 1997ರಲ್ಲಿ ತಮಿಳುನಾಡಿನ ಬೆರಳೆಣಿಕೆಯ ಶಾಲೆಗಳಲ್ಲಿ ಹಕ್ಕುಗಳ ಪಾಠ ಶುರುಮಾಡಿ, ಹದಿನೈದು ವರ್ಷ ಕಳೆಯುವುದರೊಳಗೆ ಹತ್ತಾರು ರಾಜ್ಯಗಳ ಸಾವಿರಾರು ಶಾಲೆ ಮುಟ್ಟಿತು. ನಾವೇಕೆ ಹೆದರಬೇಕು ಅಂತ ಅವರ ವಾದ. ನನ್ನ ಕೈಗೆ ಬೇಕಾದ ಉದಾಹರಣೆಯನ್ನೇ ಕೊಟ್ಟರು! ಮಧುರೈನವರು ಊರೂರಿಗೆ ತಮ್ಮ ನೌಕರರನ್ನು ಕಳಿಸಿ ಬೆಳೆದವರಲ್ಲ. ಆಯಾ ಶಾಲೆಯ ಮೇಷ್ಟ್ರು, ಟೀಚರುಗಳಿಗೇ ತರಬೇತಿ ಕೊಟ್ಟರು, ಇಲಾಖೆಯಿಂದ ಅನುಮತಿ ಪಡೆದರು, ಆರರಿಂದ ಎಂಟನೇ ತರಗತಿವರೆಗೆ ಒಂದರ ಮೇಲೊಂದು ಪುಸ್ತಕ ಮಾಡಿದರು, ಬೇರೆ ರಾಜ್ಯಗಳಲ್ಲಿ ಅಲ್ಲಲ್ಲಿಯ ಸಂಘಟನೆಗಳ ಕೈಗೆ ಕೊಟ್ಟರು. ಪಾಠ ಶಾಲೆಯಲ್ಲೇ ಉಳಿಯಿತು. ನಾವು ಹೋಗಿ ಒಂದು ದಿನ ಶಿಬಿರ ಮಾಡಿ, ಬ್ಯಾನರ್ ಕಟ್ಟಿ, ಗ್ರೂಪ್ ಫೋಟೊ ತೆಗೆಸಿಕೊಂಡು ಬಂದರೆ ಹಾಳೆ ತುಂಬುತ್ತದೆ, ಅಷ್ಟೇ.

ಅದೂ ಅಲ್ಲದೆ, ಪಾಠ ಈ ನೆಲದ್ದಾಗಬೇಕು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳನ್ನು ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸಬಲ್ಲರು. ಆದರೆ ಅವರ ಕಣ್ಣು ಅರಳುವುದು ನಮ್ಮ ತಾಲ್ಲೂಕಿನದೇ ಆದ ಕಾಗೋಡಿನ ಕೊಳಗದ ಕಥೆ ಬಂದಾಗ. ಗೇಣಿ ಅಳೆಯಲು ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು, 1951ರಲ್ಲಿ ಗೇಣಿದಾರರು ರೈತ ಮುಖಂಡ ಎಚ್. ಗಣಪತಿಯಪ್ಪನವರ ಜೊತೆ ನಿಂತು ಇದಾಗದು ಅಂದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು ಅಂತ ಹೇಳಿದರೆ, ತರಗತಿಯಲ್ಲಿ ಯಾರಾದರೂ ಒಬ್ಬರು "ನಮ್ಮ ಅಜ್ಜನೂ ಹೋಗಿದ್ರಂತೆ ಟೀಚರ್" ಅನ್ನದೇ ಇರುವುದಿಲ್ಲ. ಎಲ್ಲರ ಅಜ್ಜಂದಿರೂ ಹೋಗಿರಲಾರರು, ಇರಲಿ.

ಇವತ್ತಿನ ತಾರೀಕೂ ನಮ್ಮ ಕಡೆ ಸಣ್ಣದಲ್ಲ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. 1930ಕ್ಕೆ ಹೋಗಿ ನಿಲ್ಲುತ್ತದೆ ಲೆಕ್ಕ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಕಾಡಂಚಿಗೆ ಬಂದು ಕೂತವರು ಇಲ್ಲಿ 75 ವರ್ಷ ಎಲ್ಲಿಂದ ತರಬೇಕು? ಏಳನೇ ತರಗತಿಗೆ ಈ ಕೂಡು ಕಳೆಯುವ ಲೆಕ್ಕವನ್ನು ಬೋರ್ಡಿನ ಮೇಲೆ ಕೊಟ್ಟೆವು. ಗಣಿತದ ಮೇಷ್ಟ್ರೇ ಮಾಡಿಸಿದರು. ಉತ್ತರ ಬಂದಮೇಲೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಮಾರನೇ ದಿನ ಒಬ್ಬ ಹುಡುಗ ಮನೆಯ ಟ್ರಂಕಿನಲ್ಲಿದ್ದ ಹಿಂಬರಹದ, ಅಂದರೆ ಅರ್ಜಿಗೆ ಬಂದ ಸರ್ಕಾರಿ ಉತ್ತರದ, ಪ್ರತಿ ತಂದು ಓದಿಸಿಕೊಂಡು ಹೋದ. ಎಕ್ಸೆಲ್ ಹಾಳೆಯ ಯಾವ ಕಾಲಮ್ಮಿನಲ್ಲಿ ಇದನ್ನು ಬರೆಯಲಿ?

ಈಗ ಅಡಿಕೆಯ ಕೊನೆಕೊಯ್ಲಿನ ಕಾಲ ಬೇರೆ. ರಾತ್ರಿ ಹತ್ತರವರೆಗೂ ಮನೆಮನೆಯಲ್ಲಿ ಸುಲಿತ, ಬೆಳಿಗ್ಗೆ ತರಗತಿಯಲ್ಲಿ ಚೊಗರು ಹಿಡಿದ ಬೆರಳುಗಳು, ತೂಕಡಿಕೆ. ಕಳೆದ ವಾರ ಒಬ್ಬಳು ನೇರವಾಗಿ ಕೇಳಿದಳು: "ಮನೇಲಿ ಅಡಿಕೆ ಸುಲಿದ್ರೂ ಬಾಲಕಾರ್ಮಿಕರಾಗ್ತೀವಾ ಟೀಚರ್?" ನಮ್ಮ ಕಾರ್ಯಕರ್ತೆ ಬಾಯಿ ತೆರೆಯುವ ಮೊದಲೇ ಆ ಶಾಲೆಯ ಟೀಚರ್ ಉತ್ತರ ಕೊಟ್ಟರು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಂತೆ ಹದಿನಾಲ್ಕು ತುಂಬದವರನ್ನು ಎಲ್ಲಿಯೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯವರಿಗೆ ಶಾಲೆ ಬಿಟ್ಟ ಹೊತ್ತಿನಲ್ಲಿ, ರಜೆಯಲ್ಲಿ ನೆರವಾಗಬಹುದು, ಓದಿಗೆ ಅಡ್ಡಿಯಾಗಬಾರದು. "ಹಂಗಾದ್ರೆ ಹತ್ತು ಗಂಟೆ ರಾತ್ರಿ?" ಅಂತ ಹಿಂದಿನ ಬೆಂಚಿನಿಂದ ಇನ್ನೊಬ್ಬಳು. ಟೀಚರ್ ನಕ್ಕು, ಪೋಷಕರ ಸಭೆಯಲ್ಲಿ ಇದನ್ನೇ ಕೇಳೋಣ ಅಂದರಂತೆ. ಆ ಟೀಚರ ಮನೆಯಲ್ಲೂ ತೋಟವಿದೆ. ನನಗೆ ಆ ಮಾತಿನ ಬೆಲೆ ಹೆಚ್ಚಾದದ್ದು ಅದಕ್ಕೇ.

ಎಲ್ಲ ಕಡೆ ಹೀಗೇ ಸಲೀಸಾಗಿದೆ ಅಂತಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಹಳ್ಳ ದಾಟಲು ಕಾಲುಸಂಕ ಕೇಳಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹಳ್ಳ ತುಂಬಿದರೆ ಮಳೆಗಾಲದಲ್ಲಿ ಶಾಲೆ ತಪ್ಪುತ್ತದೆ, ಯಾರಿಗೂ ತಕರಾರಿಲ್ಲ. ಅದೇ ಮಕ್ಕಳು, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಹೊಡೆಯುವಂತಿಲ್ಲ ಅಂದಾಗ ಒಂದು ಶಾಲೆಯ ಬಾಗಿಲು ನಮಗೆ ಮೆಲ್ಲಗೆ ಮುಚ್ಚಿತು. "ಹಕ್ಕು ಹೇಳಿಕೊಟ್ಟಿದ್ದು ಸಾಕು, ಕರ್ತವ್ಯ ಹೇಳಿಕೊಡಿ" ಅಂದರು ಶಾಲೆಯವರು. ಆ ಶಾಲೆಯನ್ನು ಪಟ್ಟಿಯಿಂದ ತೆಗೆಯಬೇಕೋ ಇಡಬೇಕೋ ಅಂತ ಖಜಾಂಚಿ ಕೇಳಿದರು. ಇಡಿ ಅಂದೆ. ಅಲ್ಲಿಯ ಮಕ್ಕಳಿಗೆ ಕಲಂ ನಂಬರ್ ನೆನಪಿದೆಯಲ್ಲ.

ಕೊನೆಗೆ ಮಧ್ಯದ ದಾರಿ ಹಿಡಿದೆವು. ಬರುವ ವರ್ಷ ಹೊಸನಗರ ಮಾತ್ರ, ಅದೂ ತಾವಾಗಿ ಬಂದು ಕೇಳಿದ ಶಿಕ್ಷಕರಿರುವ ಶಾಲೆಗಳು. ಮೊದಲು ಅವರಿಗೆ ಬೇಸಿಗೆ ರಜೆಯಲ್ಲಿ ತರಬೇತಿ. ನಮ್ಮವರು ತಿಂಗಳಿಗೊಮ್ಮೆ ಹೋಗಿ ಹಿಂದೆ ಕೂತು ನೋಡುವುದು, ಪಾಠ ಮಾಡುವುದಲ್ಲ. ವಕೀಲರಿಗೆ ಪೂರ್ತಿ ಸಮಾಧಾನವಾಗಿಲ್ಲ, "ನಿಧಾನ ಆಯ್ತು" ಅಂತ ಚಹಾ ಕುಡಿಯುವಾಗಲೂ ಗೊಣಗುತ್ತಿದ್ದರು. ಕಂಪನಿಗೆ ಉತ್ತರ ಬರೆಯುವ ಕೆಲಸ ನನ್ನ ತಲೆಗೇ ಬಂತು. ಶಾಲೆಗಳ ಸಂಖ್ಯೆಯ ಪಕ್ಕ ಒಂದು ಕಾಲಂ ಸೇರಿಸಿಕೊಳ್ಳಿ ಅಂತ ಕೇಳುತ್ತೇನೆ: ನಾವು ಹೋಗದ ತಿಂಗಳಲ್ಲೂ ಪಾಠ ನಡೆದ ಶಾಲೆಗಳು. ಒಪ್ಪದಿದ್ದರೆ ಕೈಪಿಡಿಯ ಅಚ್ಚಿಗೆ ಮತ್ತೆ ಊರೊಳಗೇ ರಸೀದಿ ಪುಸ್ತಕ ಹಿಡಿದು ತಿರುಗಬೇಕು. ಅಡಿಕೆ ಮಾರಿದ ಮೇಲೆ, ಅಂದರೆ ಫೆಬ್ರವರಿಯ ನಂತರ ಹೊರಟರೆ ಗಿಟ್ಟೀತು.