ಶಿಕ್ ಬ್ಯಾಂಡಿನ ಬಲಗೈ

ಇವತ್ತು ಬಸ್ಸಲ್ಲಿ ಯಾರದೋ ಫೋನಿಂದ 'ಗುಡ್ ಟೈಮ್ಸ್' ಕೇಳಿಸ್ತು. ಅಮೆರಿಕದ ಡಿಸ್ಕೋ ಬ್ಯಾಂಡ್ ಶಿಕ್‌ನ 1979ರ ಹಾಡು.

ಎಲ್ಲರೂ ಹೊಗಳೋದು ಬಾಸ್ ಗಿಟಾರನ್ನ. ಸರಿಯೇ. ಬರ್ನಾರ್ಡ್ ಎಡ್ವರ್ಡ್ಸ್ ಮೊದಲ ಮೂರು ಬೀಟಿಗೆ ಒಂದೇ ಸ್ವರ ನುಡಿಸಿ, ಆಮೇಲೆ ಓಡ್ತಾರೆ. ಅದೇ ವರ್ಷ ಶುಗರ್‌ಹಿಲ್ ಗ್ಯಾಂಗ್ ಅದರ ಮೇಲೇ ರ‍್ಯಾಪ್ ಕಟ್ಟಿತು.

ಆದ್ರೆ ನೈಲ್ ರಾಡ್ಜರ್ಸ್ ಗಿಟಾರಿಗೆ ಕಿವಿ ಕೊಡಿ.
ಬಲಗೈ ನಿಲ್ಲೋದೇ ಇಲ್ಲ. ಬೀಟಿಗೆ 4, ನಾಲ್ಕು ಬೀಟಿನ ಆವರ್ತಕ್ಕೆ 16 ಸಲ, ಕೆಳಗೆ ಮೇಲೆ.
ಎಡಗೈ ಬೇಕಾದಲ್ಲಿ ಮಾತ್ರ ಒತ್ತುತ್ತೆ. ಉಳಿದಾಗ ತಂತಿಗೆ ಸುಮ್ನೆ ತಾಗಿರುತ್ತೆ, ಚಿಕ್ ಚಿಕ್ ಸದ್ದಷ್ಟೇ ಬರುತ್ತೆ.
ಬೆರಳು ಪೂರ್ತಿ ಎತ್ತಿದ್ರೆ ಖಾಲಿ ತಂತಿ ಗುಂಯ್ ಅನ್ನುತ್ತೆ. ಮೌನದ ಜಾಗದಲ್ಲಿ ಬಲಗೈ ತಡೆದ್ರೆ ಲಯ ಹೋಯ್ತು. ಕಲಿಯೋರು ಹೆಚ್ಚಾಗಿ ಎಡವೋದು ಇಲ್ಲೇ.

ಆ ವರ್ಷದ ಜುಲೈ 12ಕ್ಕೆ ಡಿಸ್ಕೋ ಕಂಡ್ರೆ ಆಗದೋರು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳ ರಾಶಿನೇ ಸ್ಫೋಟಿಸಿದ್ರು. ಆಗಸ್ಟಲ್ಲಿ ಈ ಹಾಡು ಅಮೆರಿಕದಲ್ಲಿ ನಂಬರ್ 1. ಆಮೇಲೆ ಶಿಕ್‌ಗೆ ಅಂಥ ಹಿಟ್ ಸಿಗಲೇ ಇಲ್ಲ. 1983ಕ್ಕೆ ಬ್ಯಾಂಡ್ ಚದುರಿತು. ಎಂಥಾ ಅನ್ಯಾಯ!

ಅದೇ ವರ್ಷ ಗಾಯಕ ಡೇವಿಡ್ ಬೋವಿಯ 'ಲೆಟ್ಸ್ ಡಾನ್ಸ್' ಆಲ್ಬಮ್ ಬಂತು. ಬೋವಿ ಜೊತೆ ಅದನ್ನ ನಿರ್ಮಿಸಿದ್ದು ರಾಡ್ಜರ್ಸೇ. ಡಾಫ್ಟ್ ಪಂಕ್ ಜೋಡಿಯ 2013ರ ಹಾಡು 'ಗೆಟ್ ಲಕ್ಕಿ'ಯ ಗಿಟಾರೂ ಅವರದ್ದೇ.