ನಾವು ಬಳಿದು ಮುಚ್ಚಿದ ಗೋಡೆ

ವರ್ಷದ ಮೇಲಾಯಿತು. ತಿಳಿ ಹಸಿರು ಬಣ್ಣ ಕಂಡರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಕಲಕಿದ ಹಾಗಾಗುತ್ತದೆ.

ಬೆಂಗಳೂರಿನ ಒಂದು ಕಂಪನಿಯ ಸಿಎಸ್‌ಆರ್, ಅಂದರೆ ಕಂಪನಿ ಸಮಾಜಕ್ಕಾಗಿ ಮಾಡಬೇಕಾದ ಕೆಲಸದ, ಟೀಮಿನಲ್ಲಿ ವಾಲಂಟಿಯರಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಮಾರ್ಚ್ 31 ಹತ್ತಿರ ಬಂದ ಹಾಗೆ ನಮ್ಮಲ್ಲಿ ಒತ್ತಡ ಜಾಸ್ತಿ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಇದಕ್ಕೆ ಖರ್ಚಾಗಬೇಕು. ಅದರ ಜೊತೆಗೆ ವಾಲಂಟಿಯರ್ ಅವರ್ಸ್ ಟಾರ್ಗೆಟ್. ಆ ಫೆಬ್ರವರಿಯಲ್ಲಿ ಮೇಲಿನಿಂದ ಬಂದದ್ದು ಇಷ್ಟೇ: 40 ಹೆಡ್‌ಕೌಂಟ್, ಒಂದು ಬಸ್ಸು, ಒಂದು ಶನಿವಾರ. ಏನು ಕೆಲಸ ಅಂತ ಯಾರೂ ಹೇಳಲಿಲ್ಲ. ಅಷ್ಟು ಜನಕ್ಕೆ ಒಂದೇ ದಿನಕ್ಕೆ ಕೊಡಬಹುದಾದ ಕೆಲಸ ಬಣ್ಣ ಬಳಿಯುವುದೊಂದೇ ಅಲ್ವಾ?

ಮಾಗಡಿಯ ಆಚೆಗೊಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 26 ಮಕ್ಕಳು, ಎರಡು ಕೋಣೆ, ಒಬ್ಬರು ಮೇಡಂ, ಒಬ್ಬರು ಅತಿಥಿ ಶಿಕ್ಷಕಿ. ನಾನು ರೆಕ್ಕಿಗೆ, ಅಂದರೆ ಮೊದಲೇ ಜಾಗ ನೋಡಿಬರಲು, ಹೋದದ್ದು ಬಿಸಿಯೂಟದ ಹೊತ್ತಿಗೆ. ಮಕ್ಕಳೆಲ್ಲ ಜಗುಲಿಯಲ್ಲಿ ಊಟಕ್ಕೆ ಕೂತಿದ್ದರು. ಖಾಲಿ ಕೋಣೆಯ ಗೋಡೆ ಅಳೆದೆ, ಬಿಫೋರ್ ಫೋಟೊ ತೆಗೆದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಹೊರಡುವಾಗ "ಏನು ಬೇಕು ಮೇಡಂ?" ಅಂತ ಕೇಳಿದೆ.

"ಹೆಂಚು ಒಡೆದಿದೆ ಸರ್. ಮಳೆ ಬಂದ್ರೆ ಚಿಕ್ಕ ಮಕ್ಕಳನ್ನ ಎಬ್ಬಿಸಿ ಮೂಲೆಗೆ ಕೂರಿಸ್ತೀನಿ. ಅದೊಂದು ಮಾಡಿಸಿಕೊಟ್ರೆ ಸಾಕು."

ಹೆಂಚಿಗೆ ವೆಂಡರ್ ಬೇಕು, ಮೂರು ಕೊಟೇಶನ್ ಬೇಕು. ವಾಲಂಟಿಯರ್‌ಗಳನ್ನು ಸೂರಿನ ಮೇಲೆ ಹತ್ತಿಸುವಂತಿಲ್ಲ. ಶೀಟಿನಲ್ಲಿ 'ಮುಂದಿನ ಹಂತ' ಅಂತ ಬರೆದುಕೊಂಡು ಬಣ್ಣದ ಮಾತೆತ್ತಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಸರ್" ಅಂದರು. ಯಾಕೆ ಸುಮ್ಮನಾದರು ಅಂತ ನಾನು ಕೇಳಬೇಕಿತ್ತು.

ಆ ಶನಿವಾರ ಮೇಡಂಗೆ ತಾಲ್ಲೂಕಿನಲ್ಲಿ ಮೀಟಿಂಗ್. ಬೆಳಗಿನ ಶಾಲೆ ಮುಗಿಸಿ ಅತಿಥಿ ಶಿಕ್ಷಕಿ ಬೀಗ ನಮ್ಮ ಕೈಗೆ ಕೊಟ್ಟು ಬಸ್ಸಿಗೆ ಹೋದರು. ನಮ್ಮವರು ಮನಸ್ಸಿಟ್ಟು ದುಡಿದರು, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕ ಮಕ್ಕಳ ಕೋಣೆಯಲ್ಲಿ ಗೋಡೆಯ ಕೆಳಭಾಗಕ್ಕೆ ಸುತ್ತಲೂ ಎರಡು ಅಡಿ ಎತ್ತರಕ್ಕೆ ಕಪ್ಪು ಪಟ್ಟಿ ಇತ್ತು. ಅಲ್ಲಲ್ಲಿ ಚಕ್ಕೆ ಎದ್ದು, ಸುಣ್ಣದಕಡ್ಡಿಯ ಪುಡಿ ಮೆತ್ತಿಕೊಂಡಿತ್ತು. ಹಳೇ ಬಣ್ಣ ಅಂದುಕೊಂಡು ಅದರ ಮೇಲೂ ತಿಳಿ ಹಸಿರು ಬಳಿದೆವು. ತಲೆಯ ಮೇಲೆ ದಾರ ಕಟ್ಟಿ ಚಿತ್ರ, ಕಾಗದ, ಕಾರ್ಡು ತೂಗುಹಾಕಿದ್ದರು. ಏಣಿಗೆ ಅಡ್ಡ ಬರುತ್ತೆ ಅಂತ ಒಬ್ಬ ಹುಡುಗ ಕೇಳಿದ. "ಬಿಚ್ಚಿ ಚೀಲಕ್ಕೆ ಹಾಕು" ಅಂದವನು ನಾನೇ.

ಮೂರು ಗಂಟೆಗೆ ಬ್ಯಾನರ್ ಹಿಡಿದು ಗ್ರೂಪ್ ಫೋಟೊಗೆ ನಿಂತಿದ್ದೆವು. ಮೇಡಂ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಬೋರ್ಡ್ ಎಲ್ಲಿ ಸರ್?"

ನಾನು ಎದುರಿನ ಕರಿಹಲಗೆ ತೋರಿಸಿದೆ.

"ಅದಲ್ಲ. ಮಕ್ಕಳದು."

ನನಗೆ ಆಗಲೂ ಹೊಳೆಯಲಿಲ್ಲ. ಮಕ್ಕಳು ಕಿಟಕಿಯಿಂದ ಇಣುಕುತ್ತಿದ್ದರು. ಅವರಲ್ಲಿ ಒಬ್ಬಳು ಒಳಗೆ ಬಂದಳು. ಎರಡನೇ ಕ್ಲಾಸು ಇರಬೇಕು. ಬಾಗಿಲಿಂದ ಗೋಡೆಯುದ್ದಕ್ಕೂ ಎಣಿಸುತ್ತಾ ಹೋದಳು. ಒಂದು ಕಡೆ ಕುಕ್ಕರಗಾಲಲ್ಲಿ ಕೂತು ಹಸಿ ಬಣ್ಣದ ಮೇಲೆ ಬೆರಳಿಟ್ಟು, "ಮಿಸ್, ನಂದು ಇಲ್ಲಿತ್ತು" ಅಂದಳು. ಫೋಟೊ ತೆಗೆಯುವವನು ಕ್ಯಾಮೆರಾ ಕೆಳಗಿಳಿಸಿದ. ಯಾರೂ ಮಾತಾಡಲಿಲ್ಲ. ಮೇಡಂ ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಸೆರಗಿನಿಂದ ಆ ಹುಡುಗಿಯ ಬೆರಳು ಒರೆಸಿದರು.

ಅವತ್ತು ಬಸ್ಸನ್ನು ಒಂದು ಗಂಟೆ ನಿಲ್ಲಿಸಿಕೊಂಡೆ. ಮೇಡಂ ಜೊತೆ ಚಾಪೆಯ ಮೇಲೆ ಕೂತೆ. ಅವರು ಹೇಳಿದ ಮೇಲೆ ಅರ್ಥವಾಯಿತು. 1, 2, 3ನೇ ತರಗತಿ ಒಂದೇ ಕೋಣೆಯಲ್ಲಿ ಕೂತು ಕಲಿಯುವ ನಲಿ ಕಲಿ ಅದು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿ, 2009ರಿಂದ ರಾಜ್ಯದ ಎಲ್ಲ ಕಡೆಗೂ ಬಂತಂತೆ. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿರುತ್ತದೆ. ಮಕ್ಕಳ ಗುಂಪಿಗೆ ಅಲ್ಲಿ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಯ ಮಕ್ಕಳಿಗೆ ಮೇಡಂ ಬೇಕು, ಇನ್ನೊಂದು ತಟ್ಟೆಯವರಿಗೆ ಗೆಳೆಯರು ಹೇಳಿಕೊಡುತ್ತಾರೆ, ಮತ್ತೊಂದರವರು ತಾವೇ ಕಲಿಯುತ್ತಾರೆ. ಆ ಕಪ್ಪು ಪಟ್ಟಿಯೇ ಮಕ್ಕಳ ಬೋರ್ಡು, ಅದರಲ್ಲಿ ಪ್ರತಿ ಮಗುವಿಗೂ ಗೆರೆ ಎಳೆದ ಒಂದು ಮನೆ. ಅಲ್ಲಿ ಬರೆಯುತ್ತಾರೆ, ಅಳಿಸುತ್ತಾರೆ. ಮೇಡಂ ಕೂತಲ್ಲಿಂದಲೇ ಎಲ್ಲರದ್ದನ್ನೂ ನೋಡುತ್ತಾರೆ. ಒಬ್ಬರೇ ಮೂರು ತರಗತಿ ನಡೆಸಲು ಆಗುವುದು ಹೀಗೆ. ದಾರದಲ್ಲಿ ತೂಗುತ್ತಿದ್ದದ್ದು ಚಪ್ಪರ, ಮಕ್ಕಳು ಜೂನ್‌ನಿಂದ ಮಾಡಿದ ಕೆಲಸ. ಅದನ್ನು ನಾವು ಸಿಮೆಂಟ್ ಚೀಲಕ್ಕೆ ತುರುಕಿದ್ದೆವು. ಹೊರಗೆ ತೆಗೆದು ನೆಲದ ಮೇಲೆ ಹರಡಿದೆವು. ಕೆಲವು ಹರಿದಿದ್ದವು.

ಸೋಮವಾರ ಆಫೀಸಿನಲ್ಲಿ ಎಲ್ಲ ಹೇಳಿದೆ. ಇನ್ನೊಂದು ವಿಸಿಟ್ ಕೇಳಿದೆ. "ಆ ಸೈಟ್ ಕ್ಲೋಸ್ ಆಯ್ತು, ಆಫ್ಟರ್ ಫೋಟೊ ಬಂದಿದೆಯಲ್ಲ" ಅಂದರು. ಅದೇ ಫೋಟೊ ನ್ಯೂಸ್‌ಲೆಟರಿನಲ್ಲೂ ಬಂತು. ಬೇಡ ಅಂತ ಬರೆದ ಮೇಲ್‌ಗೆ ಉತ್ತರ ಬರಲಿಲ್ಲ. ನನಗೆ ಕೋಪ ಇನ್ನೂ ಆರಿಲ್ಲ. ನಮ್ಮ ರಿಪೋರ್ಟಿನಲ್ಲಿ ಎಷ್ಟು ಚದರಡಿ ಬಳಿದೆವು ಅನ್ನುವುದಕ್ಕೆ ಕಾಲಂ ಇದೆ. ಮೇಡಂ ಏನು ಕೇಳಿದ್ದರು ಅನ್ನುವುದಕ್ಕೆ ಇಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ನಾವು ಮೂವರು ಕೈಯಿಂದ ದುಡ್ಡು ಹಾಕಿ ಹೋದೆವು. ಹೊಸ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬೋರ್ಡ್ ಪೇಂಟ್ ಎರಡು ಕೋಟ್ ಹೊಡೆದೆವು. ಎತ್ತರ ಎಷ್ಟಿರಬೇಕು ಅಂತ ಮೇಡಂ ಒಂದನೇ ಕ್ಲಾಸಿನ ಹುಡುಗನನ್ನು ಕೂರಿಸಿ, ಕೈ ಎತ್ತಿಸಿ ತೋರಿಸಿದರು. ಒಣಗಿದ ಮೇಲೆ ಅವರೇ ಗೆರೆ ಎಳೆದು ಮನೆ ಮಾಡಿದರು. ಆ ಒಂದು ವಾರ ಮಕ್ಕಳು ಬರೀ ಸ್ಲೇಟಿನಲ್ಲಿ ಬರೆದಿದ್ದರು.

ಈಗ ರೆಕ್ಕಿ ಅಂದರೆ ನಾನು ಪ್ರಾರ್ಥನೆಯಿಂದ ಲಾಂಗ್ ಬೆಲ್‌ವರೆಗೆ ಇಡೀ ದಿನ ಶಾಲೆಯಲ್ಲಿ ಕೂರುತ್ತೇನೆ, ಮಕ್ಕಳ ಜೊತೆ ನೆಲದ ಮೇಲೆ. ಮ್ಯಾನೇಜರ್‌ಗೆ ಅದು ಟೈಮ್ ವೇಸ್ಟ್. ಶಿಕ್ಷಕರು ಇಲ್ಲದ ದಿನ ಒಂದು ಮೊಳೆಯನ್ನೂ ಮುಟ್ಟಲು ಬಿಡುವುದಿಲ್ಲ.

ಹೆಂಚಿನ ಕೆಲಸವನ್ನು ಈ ವರ್ಷದ ಪಟ್ಟಿಯಲ್ಲಿ ಮೊದಲನೆಯದಾಗಿ ಹಾಕಿದ್ದೇನೆ. ಮೂರು ಕೊಟೇಶನ್ ಕೊಟ್ಟಾಗಿದೆ. ಒಪ್ಪಿಗೆ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಒಂದು ಮೇಲ್ ಕಳಿಸುತ್ತೇನೆ. ಮಳೆಗಾಲಕ್ಕೆ ಮೊದಲು ಆಗಬೇಕು.