ಗ್ಲೌಸಿನ ನಾತಕ್ಕೆ ಸೆಂಟ್ ಬೇಡ, ಮೊದಲು ಉಪ್ಪು ತೆಗೆಯಿರಿ

ಕಾರವಾರದಲ್ಲಿ ಬೈಕು ಮತ್ತು ರೈಡಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನನ್ನ ಕೆಲಸ. ವಾಪಸ್ ಬಂದ ಹೆಲ್ಮೆಟ್, ಜಾಕೆಟ್, ಗ್ಲೌಸುಗಳನ್ನು ಮುಂದಿನವರು ಹಾಕಿಕೊಳ್ಳುವ ಹಾಗೆ ಮಾಡಿಡುವುದು ನನ್ನ ಪಾಲಿನದು. ತಮ್ಮ ಸ್ವಂತ ಗ್ಲೌಸ್ ತಂದು "ಇದನ್ನೊಂದು ನೋಡಿ" ಅಂತ ಕೊಟ್ಟು ಹೋಗುವವರೂ ಇದ್ದಾರೆ. ಮಳೆಗಾಲದಲ್ಲಿ ಇಂಥವರು ಜಾಸ್ತಿ. ಹೆಲ್ಮೆಟ್ಟಿನ ಒಳಮೆತ್ತೆ ಬಿಚ್ಚಿ ತೊಳೆಯಬಹುದು, ಜಾಕೆಟ್ ಹರವಿ ಒಣಗಿಸಬಹುದು. ಲೆದರ್ ಗ್ಲೌಸ್ ಹಾಗಲ್ಲ. ಅದರ ಬೆರಳ ತುದಿಗೆ ಗಾಳಿ ಹೋಗುವುದಿಲ್ಲ, ಬೆಳಕು ಹೋಗುವುದಿಲ್ಲ, ಬ್ರಷ್ ಹಾಕಿ ಉಜ್ಜುವುದಕ್ಕೂ ಆಗುವುದಿಲ್ಲ.

ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ತಿಳಿದದ್ದು ಒಂದು. ನಮ್ಮ ಕರಾವಳಿಯಲ್ಲಿ ಗ್ಲೌಸಿನ ನಾತ ಹೋಗದೆ ನಿಲ್ಲುವುದು ಉಪ್ಪಿನಿಂದ. ಉಪ್ಪನ್ನು ನೀರಲ್ಲಿ ತೊಳೆದು ತೆಗೆಯದಿದ್ದರೆ ಬೇರೆ ಉಪಾಯವೆಲ್ಲ ನಾಲ್ಕು ದಿನದ ಮಾತು.

ಬೆವರಿಗೆ ತನ್ನದೇ ಆದ ವಾಸನೆ ಹೆಚ್ಚೇನೂ ಇಲ್ಲ. ನಮ್ಮ ಮೈಮೇಲೆ ಸದಾ ಇರುವ ಬ್ಯಾಕ್ಟೀರಿಯಾ ಲೈನಿಂಗಿಗೆ ಹತ್ತಿಕೊಳ್ಳುತ್ತವೆ. ಬೆವರು, ಉದುರಿದ ಚರ್ಮದ ಪುಡಿ, ಕೈಯ ಜಿಡ್ಡು, ಇವೇ ಅವಕ್ಕೆ ಆಹಾರ. ತಿಂದು ಅವು ಬಿಡುವ ಆಮ್ಲಗಳೇ ನಮ್ಮ ಮೂಗಿಗೆ ಬಡಿಯುವುದು. ಆದರೆ ಅವು ಬೆಳೆಯಬೇಕಾದರೆ ತೇವ ಬೇಕು. ಬಯಲುಸೀಮೆಯಲ್ಲಿ ರಾತ್ರಿ ಗ್ಲೌಸ್ ನೇತುಹಾಕಿದರೆ ಬೆಳಗ್ಗೆ ಒಣಗಿರುತ್ತದೆ, ಆಟ ಅಲ್ಲಿಗೆ ಮುಗಿಯಿತು. ಇಲ್ಲಿ ಮುಗಿಯುವುದಿಲ್ಲ.

ಯಾಕೆ ಅಂದರೆ ಬೆವರಿನ ನೀರು ಆರಿದರೂ ಉಪ್ಪು ಬಟ್ಟೆಯಲ್ಲೇ ಕೂತಿರುತ್ತದೆ. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸು ದಾಟಿತು ಅಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಆಷಾಢದಲ್ಲಿ ಸಾಣಿಕಟ್ಟಾ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದನ್ನು ನೋಡಿದ್ದೀರಲ್ವಾ? ಗ್ಲೌಸಿನ ಬೆರಳೊಳಗೂ ಅದೇ ನಡೆಯುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರಿದು. ಜುಲೈಯಲ್ಲಿ ತೇವಾಂಶ 75ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಮೊನ್ನೆ ಒಣಗಿಸಿಟ್ಟ ಗ್ಲೌಸ್ ಇವತ್ತು ಮುಟ್ಟಿದರೆ ಮತ್ತೆ ಹಸಿ. ಮಳೆಯಲ್ಲಿ ನೆನೆಯದಿದ್ದರೂ ಹಸಿ.

ಹುಬ್ಬಳ್ಳಿಯಿಂದ ಅರಬೈಲ್ ಘಾಟ್ ಇಳಿದು ಬಂದ ಹುಡುಗನೊಬ್ಬ ಕೌಂಟರ್ ಮೇಲೆ ಗ್ಲೌಸ್ ಇಟ್ಟು ಎರಡು ಹೆಜ್ಜೆ ಹಿಂದೆ ನಿಂತ.

"ಅಣ್ಣಾರ, ಇದಕ್ಕ ಒಂದೀಟು ಸೆಂಟ್ ಹೊಡದ್ ಕೊಡ್ರಿ. ಸಂಜೀಕ ಗೋಕರ್ಣಕ್ಕ ಹೋಗೂದೈತಿ."

"ಸೆಂಟ್ ಹೊಡೆದರೆ ಗೋಕರ್ಣದವರೆಗೆ ಬರುತ್ತದೆ ತಮ್ಮಾ, ವಾಪಸ್ ಹುಬ್ಬಳ್ಳಿಗೆ ಬರುವುದಿಲ್ಲ. ಇವತ್ತಿಗೆ ಅಂಗಡಿಯ ಗ್ಲೌಸ್ ಹಾಕಿಕೊಂಡು ಹೋಗು, ಇದನ್ನು ಇಲ್ಲಿ ಬಿಡು."

ಬಿಟ್ಟು ಹೋದ. ಅವನ ಗ್ಲೌಸಿನ ಮಣಿಕಟ್ಟಿನ ಪಟ್ಟಿ ಬಿಚ್ಚಿ ನೋಡಿದರೆ, ಕಪ್ಪು ಲೈನಿಂಗಿನ ಮೇಲೆ ಅಲೆ ಅಲೆಯಾಗಿ ಬಿಳಿ ಗೆರೆಗಳು. ಬೆವರು ಎಲ್ಲಿಯವರೆಗೆ ಹಬ್ಬಿತ್ತು, ಎಲ್ಲಿ ಒಣಗಿತ್ತು ಅನ್ನುವುದು ಆ ಗೆರೆಗಳಲ್ಲೇ ಕಾಣುತ್ತಿತ್ತು. ಸೆಂಟು, ಡಿಯೋ ಆ ಉಪ್ಪನ್ನು ಮುಟ್ಟುವುದೇ ಇಲ್ಲ. ನಾತದ ಮೇಲೆ ಇನ್ನೊಂದು ವಾಸನೆ ಹತ್ತುತ್ತದೆ ಅಷ್ಟೇ.

ನೀರಿಗೆ ಹಾಕುವ ಮೊದಲು ನಾನು ಮೂಸಿ ನೋಡುತ್ತೇನೆ. ಅಸಹ್ಯ ಪಟ್ಟುಕೊಂಡರೆ ಈ ಕೆಲಸ ಆಗುವುದಿಲ್ಲ. ಹುಳಿ ಹುಳಿ ವಾಸನೆ ಬಂದರೆ ಬೆವರು, ತೊಳೆದರೆ ಹೋಗುತ್ತದೆ. ಮುಗ್ಗಲು ವಾಸನೆ ಬಂದರೆ ಬೂಷ್ಟು ಹಿಡಿದಿದೆ, ಅದಕ್ಕೆ ಬೇರೆ ದಾರಿ. ಹೊಸ ಗ್ಲೌಸಿನ ಗಾಢ ವಾಸನೆ ಚರ್ಮ ಹದ ಮಾಡಿದ್ದರದು, ಗಾಳಿಗೆ ಇಟ್ಟರೆ ದಿನ ಕಳೆದಂತೆ ತಾನೇ ಕಡಿಮೆಯಾಗುತ್ತದೆ. ಶಿರಸಿ ಕಡೆಯಿಂದ ಬರುವ ಕೆಲವು ಗ್ಲೌಸುಗಳಲ್ಲಿ ಹೊಗೆ ವಾಸನೆ ಇರುತ್ತದೆ. ಬಚ್ಚಲ ಒಲೆಯ ಹತ್ತಿರ ಒಣಗಲು ಇಟ್ಟಿರುತ್ತಾರೆ. ಹೊಗೆ ಹೋಗಿಸಬಹುದು. ಒದ್ದೆ ಚರ್ಮ ಬಿಸಿಗೆ ಸಿಕ್ಕಿ ಮುರುಟಿದ್ದರೆ ಅದನ್ನು ಸರಿಮಾಡಲು ನನ್ನಿಂದ ಆಗುವುದಿಲ್ಲ, ಯಾರಿಂದಲೂ ಆಗುವುದು ಕಷ್ಟ.

ಲೆದರ್ ತೊಳೆಯಬಾರದು ಅಂತ ತುಂಬಾ ಜನ ನಂಬಿದ್ದಾರೆ. ಬೈಕ್ ಗ್ಲೌಸುಗಳಲ್ಲಿ ಹೆಚ್ಚಿನವು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣ ಹಾಕಿ ಹದ ಮಾಡಿದ ಚರ್ಮದವು. ಅವು ನೀರಿಗೆ ಹಾಕಿದರೆ ಕೆಡುವುದಿಲ್ಲ. ಅವು ತಾಳಿಕೊಳ್ಳದೇ ಇರುವುದು ಬಿಸಿ ಮತ್ತು ಕ್ಷಾರ. ಸ್ವೇಡ್ ಇದ್ದರೆ, ಅಂದರೆ ನುಣುಪಿಲ್ಲದ ರೋಮ ರೋಮದ ಮೈ ಇದ್ದರೆ, ಸ್ವಲ್ಪ ಹುಷಾರು, ನೀರು ತಗುಲಿದ ಕಡೆ ಕಲೆ ನಿಲ್ಲಬಹುದು. ಯಾವುದೇ ಇರಲಿ, ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಮಣಿಕಟ್ಟಿನ ಒಳಬದಿ ಒರೆಸಿ, ಬಣ್ಣ ಬಿಡುತ್ತದೆಯೇ ನೋಡುತ್ತೇನೆ.

ಆಮೇಲೆ ಗ್ಲೌಸನ್ನು ನನ್ನ ಕೈಗೇ ಹಾಕಿಕೊಳ್ಳುತ್ತೇನೆ. ಉಗುರುಬೆಚ್ಚಗಿನ ನೀರು, ಮಕ್ಕಳ ಶ್ಯಾಂಪೂ ಒಂದು ಚಮಚ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಹದ ಮಾಡಿದ ಚರ್ಮ ಸ್ವಲ್ಪ ಆಮ್ಲೀಯವಾಗಿರುತ್ತದೆ, ಪಿಎಚ್ 3.5ರಿಂದ 5ರ ಸುತ್ತಮುತ್ತ. ಒಗೆಯುವ ಪುಡಿ ಅದಕ್ಕೆ ತದ್ವಿರುದ್ಧ. ಕೈ ತೊಳೆಯುವ ಹಾಗೆಯೇ ಎರಡೂ ಕೈ ಉಜ್ಜಬೇಕು, ನಡುನಡುವೆ ಮುಷ್ಟಿ ಹಿಡಿದು ಬಿಡಬೇಕು. ಮುಷ್ಟಿ ಬಿಟ್ಟಾಗ ಲೈನಿಂಗ್ ನೀರು ಹೀರುತ್ತದೆ, ಹಿಡಿದಾಗ ಮಣಿಕಟ್ಟಿನ ಕಡೆಯಿಂದ ನೀರು ಹೊರಗೆ ಬರುತ್ತದೆ. ಮೊದಲ ಸಲ ಬರುವ ನೀರು ಚಹಾದ ಬಣ್ಣಕ್ಕಿರುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಹೋಗುತ್ತೇನೆ. ಇಲ್ಲಿ ಅವಸರ ಮಾಡಬಾರದು. ಶ್ಯಾಂಪೂಗಿಂತ ಈ ತಿಳಿನೀರೇ ಮುಖ್ಯ, ಉಪ್ಪು ಹೋಗುವುದು ಇದರಲ್ಲಿ. ಕೊನೆಯ ನೀರಿಗೆ ನಾಲ್ಕು ಪಾಲಿಗೆ ಒಂದು ಪಾಲು ಬಿಳಿ ವಿನೆಗರ್ ಹಾಕುತ್ತೇನೆ. ಅದರ ವಾಸನೆ ಒಣಗುವಾಗ ಹಾರಿಹೋಗುತ್ತದೆ.

ಗ್ಲೌಸ್ ತೆಗೆಯುವಾಗ ಒಂದೊಂದೇ ಬೆರಳನ್ನು ತುದಿಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒದ್ದೆ ಕೈಯನ್ನು ಒಮ್ಮೆಲೇ ಎಳೆದರೆ ಲೈನಿಂಗ್ ಕೈಗೆ ಅಂಟಿ ಹೊರಗೆ ಬರುತ್ತದೆ. ಅದನ್ನು ಮತ್ತೆ ಬೆರಳೊಳಗೆ ನೆಟ್ಟಗೆ ಕೂರಿಸುವುದು ಬಹಳ ಕಷ್ಟದ ಕೆಲಸ. ನೀರು ನಿಲ್ಲಿಸುವ ಪೊರೆ ಇರುವ ಗ್ಲೌಸುಗಳಲ್ಲಿ ಇನ್ನೂ ಕಷ್ಟ. ಹಿಂಡುವುದೂ ಬೇಡ. ಟವೆಲಿನಲ್ಲಿ ಸುತ್ತಿ ಮೇಲಿಂದ ಒತ್ತಿದರೆ ಸಾಕು.

ನಿಜವಾದ ಕೆಲಸ ಈಗ ಶುರು. ನನ್ನನ್ನು ಕೇಳಿದರೆ, ಎಲ್ಲಿ ಒಣಗಿಸುತ್ತೇನೆ ಅಂತ ಗೊತ್ತು ಮಾಡಿಕೊಳ್ಳದೆ ಮಳೆಗಾಲದಲ್ಲಿ ಗ್ಲೌಸ್ ನೀರಿಗೆ ಹಾಕಲೇಬಾರದು. ಒದ್ದೆಯಾಗಿ ಎರಡು ಮೂರು ದಿನ ಉಳಿದರೆ ಮೊದಲಿಗಿಂತ ಕೆಟ್ಟ ನಾತ ಬರುತ್ತದೆ. ಮಧ್ಯಾಹ್ನದ ಬಿಸಿಲು, ಸೈಲೆನ್ಸರಿನ ಬಿಸಿ, ಹೇರ್ ಡ್ರೈಯರ್, ಎಲ್ಲಕ್ಕೂ ಚರ್ಮ ಗಡುಸಾಗುತ್ತದೆ. ಬರೀ ಫ್ಯಾನ್ ಹಾಕಿದರೆ ಮೊದಮೊದಲು ಬೇಗ ಆರುತ್ತದೆ, ಆಮೇಲೆ ಅಲ್ಲೇ ನಿಂತುಬಿಡುತ್ತದೆ. ತೇವ ತುಂಬಿದ ಗಾಳಿಯನ್ನು ಎಷ್ಟು ತಿರುಗಿಸಿದರೂ ಅದು ತೇವದ ಗಾಳಿಯೇ.

ನಮ್ಮ ಅಂಗಡಿಯಲ್ಲಿ ಒಂದು ಹಳೇ ಮರದ ಕಪಾಟು ಇದೆ. ಅದರ ತಳದಲ್ಲಿ 40 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು, ಸುತ್ತ ಕಬ್ಬಿಣದ ಜಾಲರಿ. ಮೇಲೆ ಮತ್ತು ಕೆಳಗೆ ಗಾಳಿ ಆಡಲು ತೂತು. ಎಲ್‌ಇಡಿ ಬಲ್ಬು ಇದಕ್ಕೆ ಆಗುವುದಿಲ್ಲ, ಅದರಲ್ಲಿ ಬಿಸಿ ಸಾಲದು. ಕರಾವಳಿಯ ಎಷ್ಟೋ ಮನೆಗಳಲ್ಲಿ ಸೀರೆ, ಕ್ಯಾಮೆರಾ ಬೂಷ್ಟು ಹಿಡಿಯದಿರಲಿ ಅಂತ ಹೀಗೆ ಮಾಡುತ್ತಿದ್ದರು. ಇದರ ಲೆಕ್ಕ ತಿಳಿದ ಮೇಲೆ ನನಗೆ ಬಹಳ ಖುಷಿಯಾಯಿತು. 26 ಡಿಗ್ರಿಯಲ್ಲಿ ಶೇಕಡಾ 90 ತೇವಾಂಶ ಇರುವ ಗಾಳಿಯನ್ನು 31 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಸುಮಾರು 67ಕ್ಕೆ ಇಳಿಯುತ್ತದೆ. ಬರೀ ಐದು ಡಿಗ್ರಿ! ಚರ್ಮಕ್ಕೆ ಅದು ಬಿಸಿಯೇ ಅಲ್ಲ. ಆದರೆ ಅಳಿದುಳಿದ ಉಪ್ಪು ನೀರು ಎಳೆಯುವ ಮಟ್ಟಕ್ಕಿಂತ ಗಾಳಿ ಕೆಳಗೆ ಬಂತು. ಬಲ್ಬಿನಿಂದ ಗ್ಲೌಸ್ ಕನಿಷ್ಠ ಎರಡು ಅಡಿ ದೂರ ಇರಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಬಲ್ಬ್ ಆರಿಸಲೇಬೇಕು. ಮನೆಯಲ್ಲಿ ಎಸಿ ಇದ್ದರೆ ಅದರ ಡ್ರೈ ಮೋಡ್ ಇನ್ನೂ ಒಳ್ಳೆಯದು.

ಬೆರಳು ಮೇಲೆ, ಬಾಯಿ ಕೆಳಗೆ ಮಾಡಿ ನೇತುಹಾಕಿದರೆ ನೀರು ಬೆರಳ ತುದಿಯಲ್ಲಿ ನಿಲ್ಲುವುದಿಲ್ಲ. ಒಣಗಿತೋ ಇಲ್ಲವೋ ಅಂತ ಕೈಯಿಂದ ಮುಟ್ಟಿ ಹೇಳುವುದು ಕಷ್ಟ, ಹೊರಗಿನ ಚರ್ಮ ಬೇಗ ಆರಿ ಮೋಸ ಮಾಡುತ್ತದೆ. ಅದಕ್ಕೇ ನಾನು ಅಡುಗೆಮನೆಯ ಚಿಕ್ಕ ತೂಕದ ಯಂತ್ರ ಇಟ್ಟುಕೊಂಡಿದ್ದೇನೆ. ತೊಳೆಯುವ ಮೊದಲು ಜೋಡಿ 320 ಗ್ರಾಂ ಇದ್ದರೆ, ಮತ್ತೆ ಅಷ್ಟಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುವವರೆಗೆ ಕಪಾಟಿನಿಂದ ತೆಗೆಯುವುದಿಲ್ಲ. ಪೂರ್ತಿ ಒಣಗುವ ಸ್ವಲ್ಪ ಮೊದಲು ಒಮ್ಮೆ ಕೈಗೆ ಹಾಕಿ ಬೆರಳು ಮಡಚಿ ಬಿಚ್ಚಿದರೆ ಕೀಲುಗಳು ಮೆತ್ತಗೆ ಉಳಿಯುತ್ತವೆ. ಕೊನೆಗೆ ಹೊರಗಿನ ಚರ್ಮಕ್ಕೆ ತೆಳುವಾಗಿ ಲೆದರ್ ಕಂಡೀಷನರ್. ಕೊಬ್ಬರಿ ಎಣ್ಣೆ ಸವರುವವರಿದ್ದಾರೆ, ನಾನು ಬೇಡ ಅನ್ನುತ್ತೇನೆ. ಚರ್ಮ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಹಿಡಿತವೂ ಜಾರುತ್ತದೆ.

ಬೂಷ್ಟಿನ ಬಗ್ಗೆ ಹೇಳಬೇಕು. ಚರ್ಮದ ಮೇಲೆ ಬಿಳಿ ಪುಡಿ ಕಂಡರೆಲ್ಲ ಬೂಷ್ಟು ಅಲ್ಲ. ಕೆಲವು ಸಲ ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಬಿಳಿ ಪೊರೆ ಕಟ್ಟುತ್ತದೆ. ಹೆಬ್ಬೆರಳಿಂದ ಉಜ್ಜಿ ಬಿಸಿ ಮಾಡಿದರೆ ಕೊಬ್ಬು ಕರಗಿ ಮಾಯವಾಗುತ್ತದೆ, ಬೂಷ್ಟು ಕರಗುವುದಿಲ್ಲ. ಬೂಷ್ಟೇ ಆಗಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಡಿಯ ಹೊರಗೆ ಬ್ರಷ್ ಹಾಕುತ್ತೇನೆ. ಒಳಗೆ ಉದುರಿಸಿದರೆ ಉಳಿದ ಸಾಮಾನಿಗೂ ಹತ್ತುತ್ತದೆ. ಆಮೇಲೆ ವಿನೆಗರ್ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಮೇಲೆ ಹೇಳಿದ ಹಾಗೇ ತೊಳೆಯುತ್ತೇನೆ. ಲೈನಿಂಗಿನಲ್ಲಿ ಕಪ್ಪು ಚುಕ್ಕೆ ಬೇರೂರಿದ್ದರೆ ಆ ಗ್ಲೌಸನ್ನು ಬಾಡಿಗೆಗೆ ಕೊಡುವುದಿಲ್ಲ.

ಅಡುಗೆ ಸೋಡಾ ಕೇಳುವವರು ತುಂಬಾ. ಒಣ ಪುಡಿಯನ್ನು ಒಣಗಿದ ಗ್ಲೌಸಿಗೆ ಹಾಕಿ ರಾತ್ರಿ ಬಿಟ್ಟು ಕೊಡವಿದರೆ ಹುಳಿ ವಾಸನೆ ಸ್ವಲ್ಪ ತಗ್ಗುತ್ತದೆ, ಪ್ರವಾಸದ ನಡುವೆ ಅಷ್ಟು ಸಾಕು. ನೀರಲ್ಲಿ ಕಲಸಿ ಹಚ್ಚಬೇಡಿ, ಕ್ಷಾರ ಚರ್ಮಕ್ಕಿಳಿಯುತ್ತದೆ. ಫ್ರೀಜರಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಹೆಚ್ಚಿನವು ಸಾಯುವುದಿಲ್ಲ, ಸುಮ್ನೆ ಮಲಗುತ್ತವೆ. ಕೈ ಬೆಚ್ಚಗಾದ ಕೂಡಲೇ ಮತ್ತೆ ಎದ್ದು ಕೂರುತ್ತವೆ.

ಅಣಶಿ ಘಾಟಿನಲ್ಲೋ ದೇವಿಮನೆ ಘಾಟಿನಲ್ಲೋ ನೆನೆದು ಬಂದವರಿಗೆ ನಾನು ಹೇಳುವುದು ಇಷ್ಟು. ಗ್ಲೌಸನ್ನು ಹೆಲ್ಮೆಟ್ಟಿನೊಳಗೆ ತುರುಕಬೇಡಿ, ಸೀಟಿನ ಕೆಳಗೆ ಇಡಬೇಡಿ. ಪಟ್ಟಿ ಪೂರ್ತಿ ಬಿಚ್ಚಿ, ಬಾಯಿ ಅಗಲಿಸಿ, ಕೋಣೆಯ ಫ್ಯಾನಿನ ಕೆಳಗೆ ನೇತುಹಾಕಿ. ಒಳಗೆ ತೆಳ್ಳನೆಯ ಬಟ್ಟೆ ಗ್ಲೌಸ್ ಹಾಕಿಕೊಳ್ಳಿ, ಎರಡು ಜೊತೆ ಇಟ್ಟುಕೊಂಡು ದಿನಾ ಒಂದನ್ನು ಒಗೆಯಿರಿ. ಬಾಡಿಗೆ ಗ್ಲೌಸಿನ ಜೊತೆ ನಾವೀಗ ಅದನ್ನೂ ಕೊಡುತ್ತೇವೆ. ಬೆವರಿನ ಉಪ್ಪು ಹೆಚ್ಚಾಗಿ ಅದರಲ್ಲೇ ಉಳಿಯುತ್ತದೆ, ಅದನ್ನು ಬಕೆಟ್ಟಿನಲ್ಲಿ ಜಾಲಿಸಿದರೆ ಮುಗಿಯಿತು.